ಕೊನೆಯ ಭಾಗಕ್ಕೆ ಮುಟ್ಟುವ ನಾದ

ಧ್ವನಿವರ್ಧಕವು ನಮ್ಮ ಸಂಗೀತಸಭೆಗಳನ್ನು ಇನ್ನೂ ಪ್ರವೇಶಿಸದಿದ್ದ ಕಾಲದಲ್ಲಿ, ಮಳವಳ್ಳಿಯ ನೆರೆಯ ತಾಲ್ಲೂಕಿನ ತಿರುಮಕೂಡಲಿನಲ್ಲಿ ಜನಿಸಿ, ಮೈಸೂರಿನ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿ, ನಾಡಿಗೆ ನಾಡೇ ಕೊಂಡಾಡುವಂತೆ ಬೆಳೆದ ಪಿಟೀಲು ಚೌಡಯ್ಯನವರು, ತಮ್ಮ ವಾದ್ಯದ ನಾದವು ಹಿಂದಿನ ಸಾಲಿನಲ್ಲಿ ಕುಳಿತ ಶ್ರೋತೃವಿನ ಕಿವಿಯನ್ನು ತಲುಪುವಷ್ಟರಲ್ಲಿ ಬಡವಾಗುತ್ತಿದೆಯೆಂಬುದನ್ನು ಮನಗಂಡು, ನಾಲ್ಕು ತಂತಿಗಳ ಪಿಟೀಲಿಗೆ ಮತ್ತೆ ಮೂರು ತಂತಿಗಳನ್ನು ಕೂಡಿಸಿ ಏಳು ತಂತಿಗಳ ವಾದ್ಯವನ್ನು ರೂಪಿಸಿಕೊಂಡರು. ನಾಲ್ಕು ತಂತಿಗಳ ಪಿಟೀಲು ಅದಕ್ಕೆ ಮುಂಚೆ ಕೆಟ್ಟ ವಾದ್ಯವೇನೂ ಆಗಿರಲಿಲ್ಲ. ಅದನ್ನೇ ನುಡಿಸಿಕೊಂಡಿದ್ದರೂ ಅವರ ವಿದ್ವತ್ತಿಗೆ ಕುಂದು ಬರುತ್ತಿರಲಿಲ್ಲ. ಆದರೆ ತಂತಿಯಿಂದ ಹೊರಟ ನಾದಕ್ಕೂ ಕೇಳುವವನ ಕಿವಿಗೂ ನಡುವಿನ ಹಾದಿಯಲ್ಲಿ ಏನೋ ಒಂದು ಕಳೆದುಹೋಗುತ್ತಿದೆಯೆಂಬ ಅರಿವು ಬಂದಮೇಲೆ, ಆ ನಷ್ಟವನ್ನು ಕಂಡೂ ಕಾಣದಂತೆ ಸುಮ್ಮನಿರುವುದು ನಾದೋಪಾಸಕನಾದವನಿಗೆ ಸಾಧ್ಯವಾಗುವ ಮಾತಲ್ಲ.

ಈ ಪ್ರಸಂಗವನ್ನು ನಾನು ಮೇಲಿಂದ ಮೇಲೆ ನೆನೆಯುವುದಕ್ಕೆ ಕಾರಣವುಂಟು. ಮಂಡ್ಯದ ನನ್ನ ಮನೆಯ ಪಡಸಾಲೆಯಲ್ಲಿ ಒಂದು ಸಿ.ಡಿ. ಪ್ಲೇಯರ್ ಇದೆ. ಎಂಬತ್ತರ ದಶಕದ ಕೊನೆಯಲ್ಲಿ ಯೂರೋಪಿನಲ್ಲಿ ತಯಾರಾದ, ಅಂದಿನ ದಿನಕ್ಕೆ ಬಹಳ ಬೆಲೆಬಾಳುತ್ತಿದ್ದ, ಎರಡು ಕೈಗಳಿಂದ ಎತ್ತಿದರೂ ಭಾರವೆನ್ನಿಸುವ ಯಂತ್ರವದು. ಅದರ ಲೇಸರನ್ನು ಹೊತ್ತಿರುವ ಅಂಗವು ಎರಕಹೊಯ್ದ ಲೋಹದ್ದು. ಅದರ ಮಸೂರ ಪ್ಲಾಸ್ಟಿಕ್ಕಿನದಲ್ಲ, ಗಾಜಿನದು. ಅಂಕಿಗಳನ್ನು ನಾದವಾಗಿ ಪರಿವರ್ತಿಸುವ ಅದರ ಹೃದಯಸ್ಥಾನದಲ್ಲಿರುವುದು ಫಿಲಿಪ್ಸ್‌ನವರು ರೂಪಿಸಿದ ಟಿ.ಡಿ.ಎ. 1541 ಎಂಬ ಐಸಿ. ಇಂಥ ಯಂತ್ರದ ಮುಚ್ಚಳವನ್ನು ಬಿಚ್ಚಿ, ಇದ್ದ ಬಿಡಿಭಾಗವನ್ನು ಕಳಚಿ ಬೇರೊಂದನ್ನು ಬೆಸೆಯುವ ಕೆಲಸದಲ್ಲಿ ನಾನು ತೊಡಗಿರುವುದನ್ನು ಕಂಡ ನೆರೆಹೊರೆಯವರು, “ಚೆನ್ನಾಗಿ ಹಾಡ್ತಿರೋ ಮಿಷನ್ನನ್ನ ಯಾಕೆ ಮೇಷ್ಟ್ರೇ ಬಿಚ್ಚಿ ಕೂತಿದ್ದೀರಿ?” ಎಂದು ನಿಜವಾದ ಕಳಕಳಿಯಿಂದಲೇ ಕೇಳುತ್ತಾರೆ. ಕಿಸೆಯಲ್ಲಿರುವ ಮೊಬೈಲಿನಲ್ಲಿ ಜಗತ್ತಿನ ಸಂಗೀತವೆಲ್ಲ ದೊರೆಯುವ ಈ ದಿನಗಳಲ್ಲಿ ಅವರ ಪ್ರಶ್ನೆ ಅಸಂಗತವೂ ಅಲ್ಲ. ಅವರಿಗೆ ಸಾವಕಾಶವಾಗಿ ಕೊಡಬೇಕೆಂದಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮದ್ದೂರು, ಮಳವಳ್ಳಿ ಸೀಮೆಯವರಿಗೆ ‘ಕೊನೆಯ ಭಾಗ’ ಎಂದರೇನೆಂದು ವಿವರಿಸಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯ ನೀರು ಮೇಲ್ಭಾಗದ ಗದ್ದೆಗಳನ್ನು ತುಂಬಿ ತುಳುಕಿಸಿ, ಕವಲುಗಾಲುವೆಗಳಲ್ಲಿ ಇಳಿಯುತ್ತ, ಸೋರುತ್ತ, ಹೂಳಿನಲ್ಲಿ ಇಂಗುತ್ತ, ಕೊನೆಯ ಭಾಗದ ರೈತನ ಗದ್ದೆಯ ಬದುವಿಗೆ ಬರುವಷ್ಟರಲ್ಲಿ ಸಣ್ಣ ಎಳೆಯಾಗಿಬಿಡುತ್ತದೆ. ಬೆಳೆ ಒಣಗುವುದೂ ಅಲ್ಲಿಯೇ, ಪೈರಿಗೆ ನೀರಿನ ಬೆಲೆ ತಿಳಿಯುವುದೂ ಅಲ್ಲಿಯೇ. ಧ್ವನಿಮುದ್ರಿತವಾದ ಸಂಗೀತದ ಸ್ಥಿತಿಯೂ ಹೀಗೆಯೇ ಇದೆ. ವೀಣೆಯ ತಂತಿಯನ್ನು ಮೀಟಿದ ಮೊದಲ ಕ್ಷಣದ ನಾದವನ್ನು ಎಂಥ ಅಗ್ಗದ ಯಂತ್ರವಾದರೂ ಕೇಳಿಸೀತು. ಆದರೆ ಮೀಟಿದ ನಾದವು ಕ್ಷೀಣಿಸುತ್ತ ಕ್ಷೀಣಿಸುತ್ತ, ಇನ್ನೇನು ಮೌನದಲ್ಲಿ ಲೀನವಾಗಬೇಕೆನ್ನುವ ಹೊತ್ತಿನಲ್ಲಿ, ಎಡಗೈಯ ಬೆರಳೊಂದು ಅದೇ ತಂತಿಯನ್ನು ಮೆಲ್ಲನೆ ಎಳೆದು ಆ ಅಳಿದುಳಿದ ನಾದದಿಂದಲೇ ಗಮಕವೊಂದನ್ನು ಹೊರಡಿಸುವುದಿದೆಯಲ್ಲ, ರಾಗದ ಜೀವವಿರುವುದು ಆ ಅಂಚಿನಲ್ಲಿ. ಆ ಅಂಚು ನನ್ನ ಕೋಣೆಗೆ ಮುಟ್ಟಬೇಕೆಂಬುದೇ ಈ ಸಮಸ್ತ ಪ್ರಯಾಸದ ಉದ್ದೇಶ.

ಅದು ಏಕೆ ಮುಟ್ಟುವುದಿಲ್ಲವೆಂಬುದನ್ನು ತಿಳಿಯಬೇಕಾದರೆ ಸಿ.ಡಿ. ಎಂಬ ಈ ತಟ್ಟೆಯ ಸ್ವರೂಪವನ್ನು ಅಷ್ಟಿಷ್ಟು ತಿಳಿಯಬೇಕು. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸಂಸ್ಥೆಗಳು ಕೂಡಿ 1980ರಲ್ಲಿ ಇದರ ಲಕ್ಷಣಗ್ರಂಥವನ್ನು ನಿಷ್ಕರ್ಷಿಸಿ, 1982ರಲ್ಲಿ ಇದನ್ನು ಮಾರುಕಟ್ಟೆಗೆ ತಂದುವು. 12 ಸೆಂಟಿಮೀಟರ್ ವ್ಯಾಸದ, ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ದಪ್ಪದ ಈ ತಟ್ಟೆಯಲ್ಲಿ, ನಡುವಿನಿಂದ ಹೊರಟು ಅಂಚಿನವರೆಗೆ ಸುರುಳಿಸುರುಳಿಯಾಗಿ ಸುತ್ತಿಕೊಂಡಿರುವ ಒಂದೇ ಒಂದು ಗೆರೆಯುಂಟು. ಬಿಡಿಸಿ ಹಾಸಿದರೆ ಅದು ಐದು ಕಿಲೋಮೀಟರಿಗೂ ಮಿಗಿಲಾದೀತು. ಗೆರೆಯ ಉದ್ದಕ್ಕೂ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳು. ಗ್ರಾಮಫೋನಿನ ಪ್ಲೇಟಿನಲ್ಲಿ ಮುಳ್ಳು ಗೆರೆಯನ್ನು ಉಜ್ಜಿ ಓದುತ್ತಿದ್ದರೆ, ಇಲ್ಲಿ ಕಣ್ಣಿಗೆ ಗೋಚರಿಸದ ಲೇಸರ್ ಕಿರಣವೊಂದು ತಟ್ಟೆಯನ್ನು ಸ್ಪರ್ಶಿಸದೆಯೇ ಕುಳಿಯನ್ನೂ ಸಮತಲವನ್ನೂ ಗುರುತಿಸುತ್ತ ಸಾಗುತ್ತದೆ. ಹಾಗೆ ಓದಿದ್ದರಿಂದ ದೊರೆಯುವುದು ನಾದವಲ್ಲ, ಅಂಕಿಗಳು. ಧ್ವನಿಮುದ್ರಣದ ವೇಳೆ ನಾದದ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಸ್ಥಾನಗಳ ದ್ವಿಮಾನ ಸಂಖ್ಯೆಯಾಗಿ ಬರೆದಿರುತ್ತಾರೆ. ಅಂದರೆ ಅಳತೆಗೋಲಿನಲ್ಲಿ 65,536 ಮೆಟ್ಟಿಲುಗಳಿವೆಯೆಂದು ಅರ್ಥ.

ಇಷ್ಟೊಂದು ಮೆಟ್ಟಿಲುಗಳಿರುವಾಗ ಕೊರತೆಯೆಲ್ಲಿಯದೆಂದು ಯಾರಿಗಾದರೂ ಅನ್ನಿಸೀತು. ಕೊರತೆ ಇರುವುದು ಕೆಳಗಿನ ಮೆಟ್ಟಿಲುಗಳಲ್ಲಿ. ತುಂಬು ನಾದಕ್ಕೆ 16 ಸ್ಥಾನಗಳೂ ದೊರೆಯುತ್ತವೆ. ಅದಕ್ಕಿಂತ 60 ಡೆಸಿಬೆಲ್ ತಗ್ಗಿದ ನಾದದ ಪಾಲಿಗೆ ಉಳಿಯುವುದು ಸುಮಾರು ಆರು ಮಾತ್ರ. ಆ ಆರರೊಳಗೆ ಬರೆದಿಟ್ಟ ಸೂಕ್ಷ್ಮವನ್ನು ಯಂತ್ರದೊಳಗಿನ ಯಾವುದೇ ಅಲ್ಪ ಗದ್ದಲವೂ, ವಿದ್ಯುತ್ತಿನ ಒಂದು ಸಣ್ಣ ನಡುಕವೂ ನುಂಗಿಹಾಕಬಲ್ಲುದು. ಆದಕಾರಣ ಉತ್ತಮ ಯಂತ್ರವನ್ನು ಇನ್ನೂ ಉತ್ತಮಗೊಳಿಸುವುದೆಂದರೆ ಅದಕ್ಕೆ ಹೊಸ ಅಲಂಕಾರವನ್ನು ತೊಡಿಸುವುದಲ್ಲ. ತಗ್ಗಿದ ನಾದದ ಸುತ್ತ ಕವಿದಿರುವ ಗದ್ದಲವನ್ನು ಒಂದೊಂದಾಗಿ ತೊಲಗಿಸುವುದು.

ಎಲ್ಲಿಂದ ತೊಲಗಿಸತಕ್ಕದ್ದೆಂಬ ವಿಷಯದಲ್ಲಿ ನನಗೆ ದಾರಿ ತೋರಿದವನು ಮದ್ದೂರಿನಲ್ಲಿ ರೇಡಿಯೋ, ಟಿ.ವಿ. ರಿಪೇರಿಯ ಅಂಗಡಿಯನ್ನಿಟ್ಟುಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಯಾವ ಯಾವ ಕಂಡೆನ್ಸರು, ಯಾವ ಯಾವ ಐಸಿ ದೊರೆಯುತ್ತದೆಂಬ ಪಟ್ಟಿಯನ್ನು ನಾನು ಅವನ ಮುಂದಿಟ್ಟಾಗ ಅವನು ಅದನ್ನು ಗೌರವದಿಂದಲೇ ಓದಿ ಮಡಿಸಿಟ್ಟು, “ಮಿಷನ್‌ಗೇನೂ ಆಗಿಲ್ಲ ಮೇಷ್ಟ್ರೇ, ಅದಕ್ಕೆ ಕೊಡ್ತಿರೋ ಕರೆಂಟೇ ಸರಿಗಿಲ್ಲ. ಮೊದ್ಲು ಅರ್ಥಿಂಗ್ ಗುಂಡಿ ತೋಡ್ಸಿ, ಆಮ್ಯಾಕೆ ಐಸಿ ಮಾತು” ಎಂದ. “ಆಗಲಪ್ಪ, ನೀನು ಹೇಳಿದ ಹಾಗೇ ಮಾಡೋಣ” ಎಂದೆ. ಇದಕ್ಕಿಂತ ಹಿತವಾದ ಸಲಹೆಯನ್ನು ಈ ವಿಷಯದಲ್ಲಿ ನಾನು ಇನ್ನಾರಿಂದಲೂ ಕೇಳಿಲ್ಲ.

ವಿದ್ಯುತ್ತಿನ ಮಾತು ಬಂದಾಗ ನಮ್ಮ ಜಿಲ್ಲೆಯ ಹಿರಿಮೆಯನ್ನು ಹೇಳದೆ ಮುಂದೆ ಹೋಗಲಾರೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ, ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಸಂಕಲ್ಪಿತವಾದ ವಿದ್ಯುದಾಗಾರದಿಂದ 1902ರಲ್ಲಿ ಹೊರಟ ವಿದ್ಯುತ್ತು, ಸುಮಾರು 147 ಕಿಲೋಮೀಟರ್ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಗಗನಚುಕ್ಕಿಯಲ್ಲಿ ಧುಮ್ಮಿಕ್ಕುವ ಕಾವೇರಿಯೇ ನಮ್ಮ ಪಾಲಿಗೆ ಬೆಳಕೂ ಆದಳು, ಬಲವೂ ಆದಳು. ಅಂಥ ತಾಲ್ಲೂಕಿನ ಹಳ್ಳಿಗಳಲ್ಲಿ ಇಂದು ಪಂಪ್‌ಸೆಟ್ಟುಗಳೆಲ್ಲ ಒಮ್ಮೆಗೇ ಚಾಲೂ ಆದೊಡನೆ ಮನೆಯ ದೀಪಗಳು ಮಂಕಾಗುವುದುಂಟು. 230 ವೋಲ್ಟ್ ಇರಬೇಕಾದಲ್ಲಿ ಬಹಳಷ್ಟು ಕೆಳಕ್ಕೆ ಇಳಿದು, ಪಂಪು ನಿಂತೊಡನೆ ಮತ್ತೆ ಮೇಲಕ್ಕೆ ಜಿಗಿಯುವುದೂ ಉಂಟು. ರೈತನ ಪಂಪು ಓಡಲೇಬೇಕು. ಅದರ ಬಗೆಗೆ ನನಗೆ ಎಳ್ಳಷ್ಟೂ ಅಸಮಾಧಾನವಿಲ್ಲ. ಆದರೆ ನಾದಯಂತ್ರವನ್ನು ಇಟ್ಟುಕೊಂಡವನು ಆ ಏರಿಳಿತಕ್ಕೆ ತಾನೇ ಒಂದು ಉಪಾಯವನ್ನು ಕಂಡುಕೊಳ್ಳಬೇಕಲ್ಲವೆ?

ಆಳವಾದ ಗುಂಡಿಯನ್ನು ತೋಡಿಸಿ, ಸತುವಿನ ಲೇಪವಿರುವ ಕಬ್ಬಿಣದ ಕೊಳವೆಯನ್ನು ನಡುವೆ ನಿಲ್ಲಿಸಿ, ಸುತ್ತಲೂ ಇದ್ದಿಲು ಒಂದು ಪದರ, ಉಪ್ಪು ಒಂದು ಪದರವಾಗಿ ತುಂಬಿಸಿ, ಬೇಸಗೆಯಲ್ಲಿ ಆಗಾಗ ನೀರು ಹೊಯ್ಯುವ ವ್ಯವಸ್ಥೆ ಮಾಡಿದ್ದಾಯಿತು. ಪ್ಲೇಯರಿಗೂ ಆಂಪ್ಲಿಫೈಯರಿಗೂ ಒಂದೇ ಬೋರ್ಡಿನಿಂದ ತಂತಿ ಎಳೆದು, ಫ್ರಿಜ್ಜು, ಮಿಕ್ಸಿಗಳ ಮಾರ್ಗದಿಂದ ಅವನ್ನು ಬೇರ್ಪಡಿಸಿದ್ದಾಯಿತು. ಕರೆಂಟು ಹೋದಾಗ ಮನೆಯನ್ನು ಬೆಳಗುವ ಅಗ್ಗದ ಇನ್ವರ್ಟರು ಹೊರಡಿಸುವ ವಿದ್ಯುತ್ತು ನಯವಾದ ಅಲೆಯಾಗಿರದೆ ಚೌಕಾಕಾರವಾಗಿ ಒರಟಾಗಿರುವುದರಿಂದ, ಆ ಹೊತ್ತಿನಲ್ಲಿ ಸಂಗೀತ ಕೇಳುವುದನ್ನೇ ಬಿಟ್ಟೆ. ಇಷ್ಟರಿಂದಲೇ ಸ್ಪೀಕರಿನಲ್ಲಿ ಸದಾ ಗುನುಗುತ್ತಿದ್ದ ಒಂದು ಮಂದ್ರಧ್ವನಿ ಮಾಯವಾಯಿತು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳನ್ನು ಪೂರೈಸುವಂಥದು. ಯಂತ್ರದೊಳಗೆ ಅದನ್ನು ಏಕಮುಖವಾಗಿಸುವಾಗ 100 ಆವರ್ತದ ಅಲೆಯೊಂದು ಉಳಿದುಕೊಳ್ಳುತ್ತದೆ. ತಂಬೂರಿಯ ಮಂದ್ರಸ್ವರಗಳು ಸಂಚರಿಸುವುದೂ ಆ ಆಸುಪಾಸಿನಲ್ಲಿಯೇ ಆದ್ದರಿಂದ, ಶ್ರುತಿಗೂ ಗುನುಗಿಗೂ ಗೊಂದಲವಾಗಿ, ಶ್ರುತಿ ಶುದ್ಧವಾಗಿಲ್ಲವೇನೋ ಎಂಬ ಅಸುಖ ಕಿವಿಗೆ ಕಾಡುತ್ತಿರುತ್ತದೆ. ಆ ಅಸುಖ ನೀಗಿದ ಮೇಲೆ ಕಲಾವಿದರು ಹಾಡಲು ತೊಡಗುವ ಮುನ್ನಿನ ಮೌನವೇ ಬೇರೆಯಾಗಿ ಕೇಳಿಸಿತು.

ಮುಚ್ಚಳವನ್ನು ಬಿಚ್ಚುವ ಸರದಿ ಬಂದದ್ದು ಆಮೇಲೆ. ಯಂತ್ರದೊಳಗೆ ಅತ್ಯಂತ ಬೇಗ ಮುಪ್ಪಾಗುವಂಥವು ಎಲೆಕ್ಟ್ರೊಲಿಟಿಕ್ ಎಂಬ ಜಾತಿಯ ಕಂಡೆನ್ಸರುಗಳು. ಅವುಗಳೊಳಗಿನ ದ್ರವ ಕಾಲಕ್ರಮದಲ್ಲಿ ಆರುತ್ತ ಬರುತ್ತದೆ. ಸುತ್ತಣ ತಾಪ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆಂಬುದು ತಯಾರಕರೇ ಹೇಳುವ ಲೆಕ್ಕ. ಯೂರೋಪಿನ ತಂಪಿಗಾಗಿ ರೂಪುಗೊಂಡ ಯಂತ್ರ ಮಂಡ್ಯದ ಚೈತ್ರ ವೈಶಾಖಗಳನ್ನು ಮೂರು ದಶಕಕ್ಕೂ ಮೀರಿ ಕಂಡಿದ್ದರೆ, ಅದರ ಒಳಗಣ ಕಂಡೆನ್ಸರುಗಳು ಹೇಗಿದ್ದಾವೆಂಬುದನ್ನು ಊಹಿಸಬಹುದು. ಅವನ್ನೆಲ್ಲ ತೆಗೆದು, ಹೆಚ್ಚಿನ ತಾಪವನ್ನು ತಡೆಯಬಲ್ಲ ಹೊಸವನ್ನು ಹಾಕಿಸಿದ್ದು ಮೊದಲನೆಯ ಚಿಕಿತ್ಸೆ. ಟಿ.ಡಿ.ಎ. 1541ಕ್ಕೆ ಧನ 5, ಋಣ 5, ಋಣ 15 ಎಂಬ ಮೂರು ಬಗೆಯ ವೋಲ್ಟುಗಳು ಬೇಕು. ಈ ಮೂರಕ್ಕೂ ಪ್ರತ್ಯೇಕವಾದ, ಗದ್ದಲ ಕಡಮೆಯಾದ ನಿಯಂತ್ರಕಗಳನ್ನು ಅಳವಡಿಸಿ, ತಟ್ಟೆಯನ್ನು ತಿರುಗಿಸುವ ಮೋಟಾರಿನ ಹಸಿವಿಗೂ ನಾದವನ್ನು ಹೊರಡಿಸುವ ಭಾಗದ ಹಸಿವಿಗೂ ಸಂಬಂಧವಿಲ್ಲದಂತೆ ಮಾಡಿದ್ದು ಎರಡನೆಯದು. ಆ ಐಸಿಯ ಎರಡೂ ಪಾರ್ಶ್ವಗಳಲ್ಲಿ ಏಳೇಳರಂತೆ ನಿಂತಿರುವ 14 ಸಣ್ಣ ಕಂಡೆನ್ಸರುಗಳನ್ನು ಬದಲಿಸಿದ್ದು ಮೂರನೆಯದು. ಒಳಗೆ ಸೂಕ್ಷ್ಮಾತಿಸೂಕ್ಷ್ಮವಾದ ವಿದ್ಯುತ್‌ಪ್ರವಾಹಗಳನ್ನು ಸರಿಸಮನಾಗಿ ಪಾಲು ಮಾಡುವ ಕಾರ್ಯ ನಡೆಯುವಾಗ ಉಳಿಯುವ ಅಲ್ಪ ತಾರತಮ್ಯಗಳನ್ನು ನಯಗೊಳಿಸುವವು ಇವೇ; ಆದ್ದರಿಂದ ಅವು ಐಸಿಗೆ ಎಷ್ಟು ಹತ್ತಿರದಲ್ಲಿದ್ದರೆ ಅಷ್ಟು ಕ್ಷೇಮ.

ಲೇಸರಿನ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ತಟ್ಟೆ ತಡವರಿಸತೊಡಗಿದಾಗ, ಲೇಸರಿನ ಪಕ್ಕದ ಸಣ್ಣ ತಿರುಪನ್ನು ತಿರುಗಿಸಿ ಕಿರಣದ ಬಲವನ್ನು ಹೆಚ್ಚಿಸಿಕೊಡುವ ಪದ್ಧತಿ ಅನೇಕ ಕಡೆ ಇದೆ. ಅದರಿಂದ ಯಂತ್ರ ಕೂಡಲೆ ಗುಣವಾದಂತೆ ತೋರಿದರೂ, ಕೆಲವೇ ತಿಂಗಳಲ್ಲಿ ಆ ಕಿರಣ ಪೂರ್ತಿ ನಂದಿಹೋಗುವುದು; ಇಂಥ ಹಳೆಯ ಅಂಗಕ್ಕೆ ಬದಲಿ ಸಿಗುವುದು ದುರ್ಲಭ. ಬಹುತೇಕ ಸಂದರ್ಭಗಳಲ್ಲಿ ರೋಗವಿರುವುದು ಮಸೂರದ ಮೇಲಿನ ಧೂಳಿನಲ್ಲಿ. ಕಬ್ಬಿನ ಸುಗ್ಗಿಯ ದಿನಗಳಲ್ಲಿ ಆಲೆಮನೆಗಳ ಹೊಗೆಯೂ ಲಾರಿಗಳು ಎಬ್ಬಿಸುವ ಧೂಳೂ ಕೂಡಿ ನಮ್ಮ ಮನೆಗಳ ಪ್ರತಿಯೊಂದು ವಸ್ತುವಿನ ಮೇಲೂ ಕೂರುತ್ತವೆ. ಕಾಳಿನ ಗಾತ್ರದ ಆ ಮಸೂರ ಅದಕ್ಕೆ ಹೊರತಾದೀತೆ? ಯಂತ್ರವನ್ನು ಆರಿಸಿ, ಪ್ಲಗ್ಗನ್ನು ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯ ಕಡ್ಡಿಯಿಂದ ಮೆಲ್ಲನೆ ಒರಸಿದರೆ ಸಾಕಾಗುತ್ತದೆ. ತಟ್ಟೆಯ ಮೇಲಿನ ಗೀರುಗಳಿಗೆ ಅಷ್ಟಾಗಿ ಅಂಜಬೇಕಾದ್ದಿಲ್ಲ. ಗೆರೆಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರಿನಷ್ಟು ಭಾಗ ಅಳಿಸಿಹೋದರೂ ಕಳೆದ ಅಂಕಿಗಳನ್ನು ಯಥಾವತ್ತಾಗಿ ಮರಳಿ ಕಟ್ಟಿಕೊಡಬಲ್ಲ ಗಣಿತವೊಂದನ್ನು ಆ ತಟ್ಟೆಯ ನಿರ್ಮಾಪಕರು ಮೊದಲೇ ಅಡಗಿಸಿಟ್ಟಿದ್ದಾರೆ. ಮನುಷ್ಯಬುದ್ಧಿಯ ಇಂಥ ದೂರದೃಷ್ಟಿಗೆ ನಾನು ಕೈಮುಗಿಯುತ್ತೇನೆ.

ಇನ್ನು ಕಾಲದ ವಿಚಾರ. ಅಂಕಿಗಳು ಸರಿಯಾಗಿದ್ದರೆ ಸಾಲದು, ಅವು ಸರಿಯಾದ ಕ್ಷಣದಲ್ಲಿ ನಾದವಾಗಬೇಕು. ಯಂತ್ರದೊಳಗೆ ಇದಕ್ಕಾಗಿ ಹರಳಿನ ಗಡಿಯಾರವೊಂದು ಸೆಕೆಂಡಿಗೆ 1,12,89,600 ಸಲ ಮಿಡಿಯುತ್ತಿರುತ್ತದೆ. ಇದು 44,100ರ 256 ಪಟ್ಟು. ಮಿಡಿತದಿಂದ ಮಿಡಿತಕ್ಕೆ ಅತ್ಯಲ್ಪವಾದ ಹೆಚ್ಚುಕಡಮೆಯಾದರೂ ಏರುಸ್ವರಗಳ ಮೊನೆ ಮೊಂಡಾಗುತ್ತದೆ. ತಾಳ ತಪ್ಪಿದ ಮೃದಂಗವನ್ನು ಯಾರಾದರೂ ಗುರುತಿಸಬಲ್ಲರು. ಈ ಗಡಿಯಾರದ ತಪ್ಪು ಅಷ್ಟು ಸ್ಪಷ್ಟವಾಗಿ ಕೇಳಿಸುವುದಿಲ್ಲ, ಒಂದು ಬಗೆಯ ಆಯಾಸವಾಗಿ ಅನುಭವಕ್ಕೆ ಬರುತ್ತದೆ. ಮಲೆಯ ಮಾದೇಶ್ವರನ ಗುಡ್ಡರು ಹಿಡಿದು ಕುಣಿಯುವ ಕಂಸಾಳೆಯ ಧ್ವನಿಮುದ್ರಣ ನನ್ನಲ್ಲಿದೆ. ಕಂಚಿನ ಬಟ್ಟಲಿಗೆ ಕಂಚಿನ ತಟ್ಟೆ ತಗುಲುವಾಗ ಮೊದಲಿಗೆ ಒಂದು ಹೊಡೆತ, ಅದರ ಬೆನ್ನಿಗೇ ಝೇಂಕಾರ, ಆ ಝೇಂಕಾರದೊಳಗೆ ಅನೇಕ ಉಪಸ್ವರಗಳು. ಹೊಸ ಗಡಿಯಾರವನ್ನು ಹಾಕಿಸುವ ಮೊದಲು ಇವೆಲ್ಲ ಕೂಡಿ ತಗಡಿನ ಸದ್ದಾಗಿದ್ದುವು. ಗಡಿಯಾರಕ್ಕೆ ಬೇರೆಯೇ ವಿದ್ಯುತ್ತಿನ ಮೂಲವನ್ನು ಕಲ್ಪಿಸಿದ ಮೇಲೆ ಕಂಚು ಕಂಚಾಗಿಯೇ ಕೇಳಿತು.

ಹೊರಕ್ಕೆ ನಾದವನ್ನು ಕಳುಹುವ ಕಡೆಯ ಘಟ್ಟದ ಆಪ್‌ಆಂಪ್ ಐಸಿಗಳನ್ನು ಕುರಿತು ಹವ್ಯಾಸಿಗಳಲ್ಲಿ ದೊಡ್ಡ ಚರ್ಚೆಗಳಿವೆ. ಒಂದನ್ನು ಕಿತ್ತು ಮತ್ತೊಂದನ್ನು ಹಾಕಿದೊಡನೆ ಸಂಗೀತದ ಸ್ವರೂಪವೇ ಬದಲಾಯಿತೆಂದು ಹೇಳುವವರಿದ್ದಾರೆ. ನನ್ನ ಕಿವಿಗೆ ಆ ಭೇದ ಅಷ್ಟು ದೊಡ್ಡದೆನ್ನಿಸಿಲ್ಲ. ಬೆಲೆಯುಳ್ಳ ತಂತಿಗಳ ವಿಷಯದಲ್ಲಂತೂ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಗಟ್ಟಿಯಾದ, ಬೆಸುಗೆ ಚೆನ್ನಾಗಿರುವ, ಕವಚವುಳ್ಳ ಸಾಧಾರಣ ತಂತಿಗೆ ಮೀರಿ ಖರ್ಚು ಮಾಡುವ ಹಣ ವ್ಯರ್ಥ, ಆ ಹಣದಲ್ಲಿ ಒಳ್ಳೆಯ ತಟ್ಟೆಗಳನ್ನು ಕೊಳ್ಳುವುದು ಮೇಲು. ಎರಡು ಬಗೆಗಳನ್ನು ಹೋಲಿಸುವವರು ಎರಡರ ಧ್ವನಿಮಟ್ಟವನ್ನೂ ಸರಿಸಮಗೊಳಿಸಿಕೊಂಡು, ಯಾವುದು ನುಡಿಯುತ್ತಿದೆಯೆಂದು ತಮಗೆ ತಿಳಿಯದ ಹಾಗೆ ಬೇರೊಬ್ಬರಿಂದ ಬದಲಿಸಿಸಿಕೊಂಡು ಕೇಳಬೇಕು. ತುಸು ಗಟ್ಟಿಯಾಗಿ ಕೇಳಿಸಿದ್ದೇ ಉತ್ತಮವೆಂದು ಭ್ರಮಿಸುವುದು ಕಿವಿಯ ಸ್ವಭಾವ.

ಯಂತ್ರದ ಹೊರಗೂ ಸ್ವಲ್ಪ ಕೆಲಸವಿದೆ. ಮದ್ದೂರಿನಲ್ಲಿ ರೈಲುಹಾದಿಗೆ ಸಮೀಪವಾಗಿ ಮನೆಯಿರುವ ಸ್ನೇಹಿತರೊಬ್ಬರ ಪ್ಲೇಯರು, ಬೆಂಗಳೂರು ಮೈಸೂರು ಗಾಡಿಗಳು ಹಾಯುವಾಗ ನೆಲದ ಅದುರಿಗೆ ತಡವರಿಸುತ್ತಿತ್ತು. ದಪ್ಪನಾದ ಕಡಪದ ಕಲ್ಲಿನ ಚಪ್ಪಡಿಯೊಂದನ್ನು ರಬ್ಬರಿನ ಬಿಲ್ಲೆಗಳ ಮೇಲೆ ಕೂರಿಸಿ ಅದರ ಮೇಲೆ ಯಂತ್ರವನ್ನಿಟ್ಟ ಮೇಲೆ ಆ ತೊಂದರೆ ನೀಗಿತು. ಕೋಣೆಯ ಮಾತು ಇದಕ್ಕಿಂತ ದೊಡ್ಡದು. ನಾವು ಈಗ ಕಟ್ಟುವ ಮನೆಗಳಲ್ಲಿ ಗೋಡೆ ಸಿಮೆಂಟು, ಛಾವಣಿ ಕಾಂಕ್ರೀಟು, ನೆಲ ನುಣುಪಾದ ಟೈಲ್ಸು. ನಾದ ಎಲ್ಲಿಯೂ ವಿಶ್ರಮಿಸದೆ ಗೋಡೆಯಿಂದ ಗೋಡೆಗೆ ಬಡಿದು ಮರಳುತ್ತ, ಮುಂದಿನ ಸ್ವರವನ್ನು ಹಿಂದಿನ ಸ್ವರದ ನೆರಳು ಮಸುಕು ಮಾಡುತ್ತದೆ. ಮಳವಳ್ಳಿಯ ಬಂಧುಗಳ ಹಳೆಯ ತೊಟ್ಟಿಯ ಮನೆಯಲ್ಲಿ, ನಾಡಹೆಂಚಿನ ಮಾಡು, ಮಣ್ಣಿನ ಗೋಡೆ, ಮರದ ಕಂಬ, ಆಕಾಶಕ್ಕೆ ತೆರೆದ ತೊಟ್ಟಿ ಇರುವೆಡೆಯಲ್ಲಿ, ಸಾಧಾರಣ ಯಂತ್ರವೂ ಅದೆಷ್ಟು ಸೌಮ್ಯವಾಗಿ ನುಡಿದೀತೆಂಬುದನ್ನು ಕೇಳಿ ನಾನು ಬೆರಗಾದದ್ದುಂಟು. ನೆಲಕ್ಕೊಂದು ದಪ್ಪ ಜಮಖಾನ, ಹಿಂಬದಿಯ ಗೋಡೆಗೆ ತುಂಬ ಪುಸ್ತಕಗಳ ಬೀರು, ಕಿಟಕಿಗೆ ಭಾರವಾದ ಪರದೆ: ಇವುಗಳಿಂದ ದೊರೆಯುವ ಉಪಕಾರ ಹಲವು ಐಸಿಗಳಿಂದಲೂ ದೊರೆಯಲಾರದು.

ಇಷ್ಟೆಲ್ಲ ಮಾಡಿ ಕೇಳಿದ್ದೇನು? ವೀಣೆ ದೊರೆಸ್ವಾಮಿ ಅಯ್ಯಂಗಾರರನ್ನು ಕೇಳಿದೆ. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರಾಗಿ ಮೈಸೂರಿನ ವೈಣಿಕ ಪರಂಪರೆಯನ್ನು ಬೆಳಗಿಸಿದ ಆ ಮಹನೀಯರ ತಾನವನ್ನು ನಾನು ಮೊದಲಿನಿಂದಲೂ ಬಲ್ಲೆ. ಸಭೆಯಲ್ಲಿಯೂ ರೇಡಿಯೋದಲ್ಲಿಯೂ ಕ್ಯಾಸೆಟ್ಟಿನಲ್ಲಿಯೂ ಕೇಳಿದ್ದೇನೆ. ಈಗ, ತಂತಿಯ ಮೇಲೆ ಬೆರಳು ಜಾರುವಾಗಿನ ಸಣ್ಣ ಸರಿಕೆಯೂ, ಪಕ್ಕದ ತಾಳದ ತಂತಿಗಳು ತಾವಾಗಿಯೇ ಮಿಡಿದು ಅನುರಣಿಸುವುದೂ, ಒಂದು ಸಂಚಾರ ಮುಗಿದು ಇನ್ನೊಂದು ಮೊದಲಾಗುವ ನಡುವೆ ಆ ಮಹಾನುಭಾವರು ಕೊಡುತ್ತಿದ್ದ ಬಿಡುವಿನ ಔಚಿತ್ಯವೂ ಸ್ಪಷ್ಟವಾಗಿ ತಿಳಿದುವು. ಬಿಡುವು ಎಂದರೆ ಬರಿದು ಅಲ್ಲ. ಹಿಂದಿನ ಸ್ವರದ ಅಂಚಿನಲ್ಲಿ ಮುಂದಿನ ಸ್ವರ ಹುಟ್ಟುವ ಸ್ಥಾನವದು.

ಅದಾದ ಮೇಲೆ ಮಳವಳ್ಳಿ ಮಹದೇವಸ್ವಾಮಿಯವರು ಹಾಡಿರುವ ಮಂಟೇಸ್ವಾಮಿಯ ಕಥೆಯನ್ನು ಹಾಕಿದೆ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರ ಇದೇ ಮಳವಳ್ಳಿ ತಾಲ್ಲೂಕಿನಲ್ಲಿದೆ. ಆ ಪರಂಪರೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ, ತಾಳಗಳೊಡನೆ ರಾತ್ರಿಯಿಡೀ ಹಾಡುವ ಕಾವ್ಯ ನಮ್ಮ ಸೀಮೆಯ ಮಹಾಕಾವ್ಯ. ಶಾಸ್ತ್ರೀಯ ಸಂಗೀತಕ್ಕೆ ಮಾತ್ರ ಇಂಥ ಯಂತ್ರ ಯೋಗ್ಯವೆಂದೂ, ಜನಪದರ ಹಾಡಿಗೆ ಯಾವ ಡಬ್ಬವಾದರೂ ನಡೆದೀತೆಂದೂ ಭಾವಿಸುವವರನ್ನು ನಾನು ಕಂಡಿದ್ದೇನೆ. ಆ ಭಾವನೆಯನ್ನು ನಾನು ಎಂದೆಂದಿಗೂ ಒಪ್ಪಲಾರೆ. ಮುಖ್ಯಗಾಯಕನ ಗಂಟಲಿನ ಒರಟಿನಲ್ಲಿ ಅಡಗಿರುವ ಆರ್ದ್ರತೆ, ಸೊಲ್ಲು ಹಿಡಿಯುವವರಲ್ಲಿ ಒಬ್ಬೊಬ್ಬರ ಕಂಠಕ್ಕೂ ಇರುವ ಬೇರೆಬೇರೆ ಬಣ್ಣ, ಡಕ್ಕೆಯ ಚರ್ಮದ ಬಿಗುವು, ತಂಬೂರಿಯ ತಂತಿಯ ಒಂದೇ ಸಮನಾದ ಮಿಡಿತದ ಕೆಳಗೆ ಗಗ್ಗರದ ಸಣ್ಣ ಗಲಗಲ, ಇವನ್ನು ಬೇರೆಬೇರೆಯಾಗಿ ಕೇಳಿದಾಗಲೇ ಆ ಹಾಡುಗಾರಿಕೆ ಎಷ್ಟು ಶಿಸ್ತಿನದೆಂಬುದು ಅರಿವಾಗುವುದು. ಅವರ ಶ್ರುತಿ, ಅವರ ಲಯ, ವಚನದಿಂದ ಪದಕ್ಕೆ ಸರಿಯುವ ಅವರ ಜಾಣ್ಮೆ, ಇವು ಯಾವ ವಿದ್ವತ್‌ಸಭೆಯ ಮುಂದೆಯೂ ತಲೆಯೆತ್ತಿ ನಿಲ್ಲತಕ್ಕವು. ನಾಗಮಂಗಲ ತಾಲ್ಲೂಕಿನವರಾದ ಎಚ್.ಎಲ್. ನಾಗೇಗೌಡರು ಜನಪದ ಸಾಹಿತ್ಯಕ್ಕಾಗಿ ಜೀವ ಸವೆಸಿ, ರಾಮನಗರದಲ್ಲಿ ಜಾನಪದ ಲೋಕವನ್ನು ಕಟ್ಟಿದ್ದು ಇದರ ಬೆಲೆಯನ್ನು ಬಲ್ಲವರಾದ್ದರಿಂದ. ಪುಸ್ತಕದಲ್ಲಿ ಕಾವ್ಯದ ಮಾತುಗಳು ಉಳಿಯುತ್ತವೆ. ಗಂಟಲು ಉಳಿಯುವುದು ಧ್ವನಿಮುದ್ರಣದಲ್ಲಿ ಮಾತ್ರ.

ಆದರೆ ಯಂತ್ರದ ಶಕ್ತಿಗೂ ಮಿತಿಯುಂಟು. ಸಂತೆ, ಜಾತ್ರೆಗಳಲ್ಲಿ ಮಾರುತ್ತಿದ್ದ ಅನೇಕ ತಟ್ಟೆಗಳಲ್ಲಿ ನೂರಾರು ಹಾಡುಗಳನ್ನು ಎಂ.ಪಿ. 3 ರೂಪದಲ್ಲಿ ಹಿಂಡಿ ತುಂಬಿರುತ್ತಾರೆ. ಹಾಗೆ ಹಿಂಡುವಾಗ ಕಿವಿಗೆ ಅಷ್ಟಾಗಿ ಬೇಡವೆಂದು ಲೆಕ್ಕಹಾಕಿ ಬಿಟ್ಟುಬಿಡುವ ಅಂಶಗಳಲ್ಲಿ ಮೊದಲು ಬಲಿಯಾಗುವುದು ಇಂಥ ಸೂಕ್ಷ್ಮಗಳೇ. ಒಮ್ಮೆ ಬಿಟ್ಟದ್ದನ್ನು ಯಾವ ಗಡಿಯಾರವೂ, ಯಾವ ಕಂಡೆನ್ಸರೂ ಮರಳಿ ತರಲಾರವು. ಕಲಾವಿದರ ಮುಂದೆ ಒಂದೇ ಮೈಕನ್ನಿಟ್ಟು ಅವಸರದಲ್ಲಿ ಮಾಡಿದ ಮುದ್ರಣಗಳೂ ಹಾಗೆಯೇ. ಹಿಂಡದೆ ಉಳಿದ ಮೂಲ ತಟ್ಟೆಗಳು ಈ ಕಾರಣಕ್ಕಾಗಿಯೇ ಅಮೂಲ್ಯವಾಗಿವೆ. ಅವು ದಿನದಿನಕ್ಕೂ ಕಡಮೆಯಾಗುತ್ತಿವೆ. ಅಂಗಡಿಗಳಲ್ಲಿ ಅವು ಈಗ ದೊರೆಯುವುದಿಲ್ಲ. ಪ್ಲೇಯರುಗಳು ಗುಜರಿಗೆ ಹೋಗುತ್ತಿವೆ. ರಿಪೇರಿಯ ಕೈಗಳೂ ಕಡಮೆಯಾಗುತ್ತಿವೆ. ಮದ್ದೂರಿನ ನನ್ನ ವಿದ್ಯಾರ್ಥಿಯ ಮಗ ಬೇರೆ ಉದ್ಯೋಗವನ್ನು ಹಿಡಿದಿದ್ದಾನೆ.

ಆದ್ದರಿಂದ ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆಯ ಮನೆಗಳವರಲ್ಲಿ ನನ್ನದೊಂದು ವಿನಂತಿ. ನಿಮ್ಮ ಅಟ್ಟದ ಮೇಲೆ, ಬೀರುವಿನ ಮೂಲೆಯಲ್ಲಿ ಹಳೆಯ ಪ್ಲೇಯರೊಂದು ಸುಮ್ಮನೆ ಕುಳಿತಿದ್ದರೆ ಅದನ್ನು ಗುಜರಿಯವನಿಗೆ ತೂಗಿಕೊಡುವ ಮೊದಲು ಮಸೂರವನ್ನು ಒರಸಿ, ಕಂಡೆನ್ಸರುಗಳನ್ನು ಬದಲಿಸಿ ನೋಡಿ. ನೀಲಗಾರರ, ಕಂಸಾಳೆಯವರ, ನಿಮ್ಮೂರಿನ ಭಜನೆಯ ಮೇಳದ ತಟ್ಟೆಗಳಿದ್ದರೆ ಬಿಸಿಲು ತಾಗದ ಕಡೆ, ನೇರವಾಗಿ ನಿಲ್ಲಿಸಿ ಇಡಿ. ಅವುಗಳ ಒಂದು ಪ್ರತಿಯನ್ನು ಹಿಂಡದೆ, ಇದ್ದದ್ದು ಇದ್ದಂತೆಯೇ, ಕಂಪ್ಯೂಟರಿನಲ್ಲಿಯೂ ಮಾಡಿಸಿ ಇಟ್ಟುಕೊಳ್ಳಿ. ಆ ಹಾಡುಗಾರರಲ್ಲಿ ಅನೇಕರು ಈಗ ಇಲ್ಲ.